ಆರು ರುಚಿ, ಅರವತ್ತಮೂರು ಅಡಿಗಿ

ಹರದೇಶಿ–ನಾಗೇಶಿ ಹಾಡಿಕಿಯೊಳಗ ಎದುರಿನ ಮೇಳದವರು ಸವಾಲು ಹಾಕೂದು, ನಾವು ಉತ್ತರ ಕೊಡೂದು ಹಿಂದಿನಿಂದ ನಡೆದು ಬಂದ ರೂಢಿ. ಮೂವತ್ತು ವರ್ಷದ ಹಿಂದ ಒಂದು ಜಾತ್ರಿಯಲ್ಲಿ ಎದುರಿನ ಹಾಡುಗಾರ್ತಿ ನನಗ ಕೇಳಿದಳು: ರುಚಿ ಆರು, ಅವನ್ನ ಕೂಡಿಸಿ ಎಷ್ಟು ನಮೂನಿ ಅಡಿಗಿ ಆಗತಾವ? ನಾನು ಆರಾರ್ಲಿ ಮೂವತ್ತಾರು ಅಂದೆ. ಆಕಿ ಅರವತ್ತಮೂರು ಅಂದಳು. ಮಂದಿ ನಕ್ಕರು. ಹಾಡಿಕಿ ಮುಗಿದ ಮ್ಯಾಲೆ ಚಹಾ ಕುಡಿಯುವಾಗ, "ಅದು ಹೆಂಗ ಬಂತವ್ವಾ?" ಅಂತ ಕೇಳಿದೆ. "ಗುರುಗಳು ಹೇಳಿಕೊಟ್ಟದ್ದು ಅಣ್ಣಾ, ಹೆಂಗ ಅಂತ ನನಗೂ ಗೊತ್ತಿಲ್ಲ" ಅಂದಳು. ಸೋತದ್ದು ಮರೆತೆ, ಆ ಮಾತು ಮರೀಲಿಲ್ಲ.

ಮುಂದ ನಮ್ಮ ವಾಚನಾಲಯದಾಗ ನಿವೃತ್ತ ಗುರುಗಳೊಬ್ಬರು ಇದರ ಮೂಲ ತಿಳಿಸಿದರು. ಈ ಲೆಕ್ಕ ಬಹಳ ಹಳೇದು. ಸುಶ್ರುತ ಸಂಹಿತೆಯೆಂಬ ವೈದ್ಯ ಗ್ರಂಥದಲ್ಲೇ ಆರು ರುಚಿಗಳ ಅರವತ್ತಮೂರು ಬೆರಕಿಗಳ ಎಣಿಕೆ ಐತಿ. ಔಷಧ ಕೊಡುವವನಿಗೆ ಯಾವ ರುಚಿ ಯಾವುದರ ಕೂಡ ಸೇರತೈತಿ ಅಂಬೋದು ತಿಳಿದಿರಬೇಕಲ್ಲ. ಆರನೇ ಶತಮಾನದ ವರಾಹಮಿಹಿರರು ಹದಿನಾರು ಸುಗಂಧ ವಸ್ತುಗಳಲ್ಲಿ ನಾಲ್ಕು ನಾಲ್ಕು ಆರಿಸಿದರೆ 1820 ಬಗೆ ಆಗತಾವ ಅಂತ ಲೆಕ್ಕ ಕೊಟ್ಟಾರ.

ಆದರೆ ಎಷ್ಟೇ ವಸ್ತು ಇರಲಿ, ಎಷ್ಟೇ ಆರಿಸಲಿ, ಎಲ್ಲಕ್ಕೂ ನಡೆಯುವಂಥ ಒಂದೇ ಸೂತ್ರವನ್ನು ಚೊಕ್ಕಾಗಿ ಹೇಳಿದವರು ಮಹಾವೀರಾಚಾರ್ಯರು. ಅವರ 'ಗಣಿತಸಾರಸಂಗ್ರಹ' ಸುಮಾರು 850ರದು. ಸಂಸ್ಕೃತದಲ್ಲಿ ಐತಿ. ಗ್ರಂಥದ ಆರಂಭಕ್ಕೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳ್ಯಾರ. ಆ ದೊರೆಯ ರಾಜಧಾನಿ ಮಾನ್ಯಖೇಟ ಅಂದರ ಇಂದಿನ ಮಳಖೇಡ, ಕಾಗಿಣಾ ನದಿ ದಂಡಿ ಮ್ಯಾಲೆ. ನಮ್ಮ ಅಕ್ಕಲಕೋಟ ಸೀಮೆಯಿಂದ ಕಲಬುರ್ಗಿ ದಾಟಿದರ ಬರತೈತಿ. ಅದೇ ದೊರೆಯ ಆಸ್ಥಾನದಾಗ 'ಕವಿರಾಜಮಾರ್ಗ' ಹುಟ್ಟಿತು. ಅದು ಹೇಳುವ ಕನ್ನಡ ನಾಡಿನ ಗಡಿ ಗೋದಾವರಿ ತನಕ. ಅಂದಮೇಲೆ ನಾವು ಇರೋ ನೆಲವೂ ಅದರೊಳಗೇ ಬಂತು. ಮುಂದ 1150ರಲ್ಲಿ ಭಾಸ್ಕರಾಚಾರ್ಯರು 'ಲೀಲಾವತಿ'ಯೊಳಗ ಇದೇ ಆರು ರುಚಿಯ ಲೆಕ್ಕ ಕೊಟ್ಟರು. ಮಹಾವೀರರ ಗ್ರಂಥ ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಹೋಯಿತು. 1912ರಲ್ಲಿ ಮದ್ರಾಸಿನಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದ ಜೊತೆ ಅಚ್ಚಾಯಿತು.

ಈಗ ಇದನ್ನ ಯಾಕ ಬರೀಲಿಕತ್ತೀನಿ ಅಂದರ, ಹೋದ ವರ್ಷ ನನ್ನ ಮೊಮ್ಮಗಳು ಹನ್ನೊಂದನೇ ಇಯತ್ತೆಗೆ ಪ್ಯಾಟಿ ಕಾಲೇಜಿಗೆ ಸೇರಿದಳು. ಹತ್ತರ ತನಕ ಕನ್ನಡ ಸಾಲಿ, ಅಲ್ಲಿ ಪೂರಾ ಇಂಗ್ಲಿಷ್. 'ಕಾಂಬಿನೇಶನ್' ಅಂಬೋ ಪಾಠ ಬಂತು. ಫಳಿ ಮ್ಯಾಲೆ ಸೂತ್ರ ಬರೆದರಂತ, ಬಾಯಿಪಾಠ ಮಾಡ್ರಿ ಅಂದರಂತ. ಹುಡುಗಿ ಮನಿಗೆ ಬಂದು, "ಅಜ್ಜಾ, ಗಣಿತ ಬಿಡತೀನಿ. ನಮ್ಮಂಥ ಕನ್ನಡ ಸಾಲಿಯವರಿಗೆ ಇದು ಬರೂದಿಲ್ಲ" ಅಂತ ಅತ್ತಳು. ನನಗ ಆ ಜಾತ್ರಿ ಹಾಡುಗಾರ್ತಿ ನೆನಪಾದಳು. ಉತ್ತರ ಐತಿ, ದಾರಿ ಇಲ್ಲ.

"ಅಳಬ್ಯಾಡ, ಅಡಿಗಿಮನಿಗೆ ನಡಿ" ಅಂದೆ. ಒಂದು ಮರದಾಗ ಬೆಲ್ಲ, ಹುಣಸಿಹಣ್ಣು, ಉಪ್ಪು, ಮೆಣಸಿನಕಾಯಿ, ಬೇವಿನ ಎಲಿ, ಅಡಿಕಿ ಇಟ್ಟೆವು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. (ಮಹಾವೀರರ ಕಾಲಕ್ಕ ಮೆಣಸಿನಕಾಯಿ ನಮ್ಮ ದೇಶಕ್ಕೇ ಬಂದಿರಲಿಲ್ಲ. ಆಗ ಖಾರ ಅಂದರ ಕಾಳುಮೆಣಸು, ಶುಂಠಿ.)

"ಎರಡು ಆರಿಸು" ಅಂದೆ. ಮೊದಲನೇದಕ್ಕ ಆರು ದಾರಿ, ಎರಡನೇದಕ್ಕ ಉಳಿದ ಐದು. ಆರೈದ್ಲಿ ಮೂವತ್ತು. "ಖರೇ ಮೂವತ್ತು ಏನು? ಬೆಲ್ಲ–ಹುಣಸಿ ಬ್ಯಾರೆ, ಹುಣಸಿ–ಬೆಲ್ಲ ಬ್ಯಾರೆ ಏನು?" ಆಕಿ ವಿಚಾರ ಮಾಡಿ, "ಒಂದೇ ಸಾರು ಅಜ್ಜಾ. ಎರಡು ಸಲ ಎಣಿಸೀವಿ" ಅಂದಳು. ಅದಕ್ಕೇ ಎರಡರಿಂದ ಭಾಗಿಸಬೇಕು: ಹದಿನೈದು. ಮೂರು ಆರಿಸಿದರ 6×5×4, ಅಂದರ 120. ಮೂರು ವಸ್ತುಗಳನ್ನ ಆರು ಬಗೆಯಾಗಿ ಸಾಲು ಹಚ್ಚಬಹುದು, ಅದಕ್ಕ ಆರರಿಂದ ಭಾಗಿಸಿದರ ಇಪ್ಪತ್ತು.

ಆಮೇಲೆ ಮಹಾವೀರರ ಪದ್ಧತಿ ತೋರಿಸಿದೆ. ಮೇಲಿನ ಸಾಲಿಗೆ 1, 2, 3, 4, 5, 6 ಬರಿ. ಅದರ ಕೆಳಗ ತಿರುವಿ 6, 5, 4, 3, 2, 1 ಬರಿ. ಎಷ್ಟು ಆರಿಸಬೇಕೋ ಅಷ್ಟು ಅಂಕಿಗಳನ್ನ ಬಲಗಡೆಯಿಂದ ಹಿಡಿ. ಮೇಲಿನವುಗಳ ಗುಣಲಬ್ಧವನ್ನ ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸು. ಒಂದಕ್ಕ 6, ಎರಡಕ್ಕ 15, ಮೂರಕ್ಕ 20, ನಾಲ್ಕಕ್ಕ 15, ಐದಕ್ಕ 6, ಆರಕ್ಕ 1. ಕೂಡಿಸಿದರ 63.

"ನಾಲ್ಕಕ್ಕೂ ಹದಿನೈದೇ ಯಾಕ?" ಅಂತ ಆಕಿನೇ ಕೇಳಿದಳು, ಆಕಿನೇ ಉತ್ತರ ಹೇಳಿದಳು: ನಾಲ್ಕು ಇಟ್ಟುಕೊಳ್ಳೂದು ಅಂದರ ಎರಡು ಬಿಡೂದು. ಇನ್ನೊಂದು ತಾಳೆಯನ್ನೂ ನೋಡಿದೆವು. ಪ್ರತಿ ರುಚಿಗೂ ಹಾಕೂದು, ಬಿಡೂದು ಅಂತ ಎರಡು ದಾರಿ. ಆರು ಸಲ ಎರಡನ್ನ ಗುಣಿಸಿದರ 64. ಏನೂ ಹಾಕದ ಬರಿ ಗಡಿಗಿ ಒಂದು ಕಳೆದರ 63. ಕಾಲೇಜಿನ ಸೂತ್ರವನ್ನ ಅದರ ಪಕ್ಕ ಇಟ್ಟು ನೋಡಿದಳು. ಎರಡೂ ಒಂದೇ.

ಆಕಿ ಗಣಿತ ಬಿಡಲಿಲ್ಲ. ಪರೀಕ್ಷೆಯೊಳಗ ಬಹಳ ಅಂಕ ಬಂದಾವಂತ ಹೇಳಾಕ ಆಗೂದಿಲ್ಲ, ಪಾಸಾದಳು. ಆದರೆ ಇದು ನಮ್ಮಂಥವರಿಗೆ ಬರೂದಿಲ್ಲ ಅಂಬೋ ಮಾತು ಮತ್ತೆ ಆಡಲಿಲ್ಲ.

ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ಹುಡುಗರ ಮುಂದ ಮೊದಲು ಬೆಲ್ಲ, ಹುಣಸಿ ಇಡ್ರಿ, ಅವರು ಎರಡು ಸಲ ಎಣಿಸಿ ತಪ್ಪಲಿ, ತಪ್ಪನ್ನ ಅವರೇ ಹಿಡೀಲಿ. ಸೂತ್ರ ಆಮೇಲೆ ಬರ್ರಿ. ಮತ್ತ ಸಾವಿರ ವರ್ಷದ ಹಿಂದ ಈ ನೆಲದ ದೊರೆಯ ಕಾಲದಾಗ ಇದನ್ನ ಬರೆದಿಟ್ಟವರ ಹೆಸರನ್ನೂ ಒಂದು ಸಲ ಹೇಳ್ರಿ. ನನ್ನ ಬರಹದಾಗ ತಪ್ಪಿದ್ದರ ಬಲ್ಲವರು ತಿದ್ದಬೇಕು.