ಹುಲಿ ಕಾಡಿನೊಳಗಿನ ಸಂಸಾರ: ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಬದುಕು ಹೇಗಿದೆ? ಹಕ್ಕು ಏನಿದೆ?

ಚಾಮರಾಜನಗರ: ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬೆಟ್ಟ ಹತ್ತೋ ಪ್ರವಾಸಿಗರ ಕಣ್ಣಿಗೆ ಜಿಂಕೆ, ಕಾಡೆಮ್ಮೆ, ಅದೃಷ್ಟ ಇದ್ದರೆ ಆನೆ ಬೀಳುತ್ತೆ. ಆದರೆ ಅದೇ ಕಾಡಲ್ಲಿ ತಲೆಮಾರುಗಳಿಂದ ಸಂಸಾರ ಮಾಡಿಕೊಂಡು ಬಂದಿರುವ ಸೋಲಿಗರ ಪೋಡುಗಳು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಮ್ಮ ಜಿಲ್ಲೆಯ ಈ ಕುಟುಂಬಗಳ ದಿನನಿತ್ಯದ ಬದುಕು ಮತ್ತು ಕಾನೂನು ಅವರಿಗೆ ಕೊಟ್ಟಿರುವ ಹಕ್ಕುಗಳ ವಿವರ ಇಲ್ಲಿದೆ.

ಪೋಡು ಅಂದರೇನು?

ಸೋಲಿಗರ ಊರಿಗೆ ಪೋಡು ಅಂತಾರೆ. ಪುರಾಣಿ ಪೋಡು, ಹೊಸಪೋಡು, ಬಂಗಲೆ ಪೋಡು, ಯರಕನಗದ್ದೆ, ಮುತ್ತುಗದಗದ್ದೆ, ಕೆರೆದಿಂಬ ಇವುಗಳಲ್ಲಿ ಕೆಲವು. ಹಿಂದೆ ಪೋಡು ಒಂದೇ ಕಡೆ ಇರುತ್ತಿರಲಿಲ್ಲ. ಸ್ವಲ್ಪ ಜಾಗ ಸವರಿ ರಾಗಿ ಬಿತ್ತಿ, ಕೆಲವು ವರ್ಷ ಆದ ಮೇಲೆ ಮುಂದಕ್ಕೆ ಹೋಗೋದು ಪದ್ಧತಿ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಜಾಗ ಬದಲಿಸುವ ಬೇಸಾಯ ನಿಂತು ಕುಟುಂಬಗಳು ಒಂದೆಡೆ ನೆಲೆ ನಿಂತವು. 2011ರಲ್ಲಿ ಸುಮಾರು 575 ಚದರ ಕಿ.ಮೀ. ವ್ಯಾಪ್ತಿಯ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು.

ಮನೆ, ಮದುವೆ, ದೇವರು

ಪ್ರತಿ ಸೋಲಿಗರೂ ಒಂದು ಕುಲಕ್ಕೆ ಸೇರಿದವರು. ಒಂದೇ ಕುಲದೊಳಗೆ ಮದುವೆ ಇಲ್ಲ. ಒಪ್ಪಿದ ಹುಡುಗ–ಹುಡುಗಿ ಓಡಿಹೋಗಿ ಬಂದರೆ, ಕುಲದ ಹಿರಿಯರು ನ್ಯಾಯ ಸೇರಿಸಿ, ತಪ್ಪು ಕಟ್ಟಿಸಿಕೊಂಡು ಮದುವೆ ಮಾಡೋದು ಹಳೇ ರೂಢಿ. ಈಗ ಅದಕ್ಕೂ ಕಾನೂನಿನ ಮಿತಿ ಇದೆ. ಹುಡುಗಿಗೆ 18, ಹುಡುಗನಿಗೆ 21 ತುಂಬದಿದ್ದರೆ ಹಿರಿಯರು ಒಪ್ಪಿದರೂ ಕೇಸ್ ಆಗುತ್ತೆ.

ಬೆಟ್ಟದ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಅನ್ನೋದು ನಂಬಿಕೆ. ಹಾಗಾಗಿ ಅವನು ಇವರಿಗೆ ದೇವರೂ ಹೌದು, ಭಾವನೂ ಹೌದು. ಭಾರ್ಗವಿ ಹೊಳೆ ಬದಿಯ ದೊಡ್ಡಸಂಪಿಗೆ ಮರಕ್ಕೆ ಪೂಜೆ, ಹೊಸ ರಾಗಿ ಬಂದಾಗ ರೊಟ್ಟಿ ಹಬ್ಬ, ರಾತ್ರಿಯೆಲ್ಲಾ ಗೊರುಕನ ಹಾಡು–ಕುಣಿತ. ಹಬ್ಬದ ದಿನ ಹೊರಗಡೆ ಕೂಲಿಗೆ ಹೋದವರೂ ಪೋಡಿಗೆ ಬರುತ್ತಾರೆ.

ವರ್ಷದ ಲೆಕ್ಕ

ಕುಟುಂಬದ ಆದಾಯ ಕಾಡಿನ ಕಾಲದ ಮೇಲೆ ನಿಂತಿದೆ. ಚಳಿಗಾಲದಲ್ಲಿ ನೆಲ್ಲಿಕಾಯಿ. ಬೇಸಿಗೆಯಿಂದ ಮಳೆ ಶುರುವಾಗುವವರೆಗೆ ಹೆಜ್ಜೇನು. ಅದರ ಜೊತೆ ಪಾಚಿ, ಸೀಗೆ, ಅಂಟುವಾಳ. ಸಂಗ್ರಹಿಸಿದ್ದು ಬುಡಕಟ್ಟು ಜನರ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರಾಟವಾಗುತ್ತೆ. ಮನೆ ಸುತ್ತಲಿನ ಜಮೀನಲ್ಲಿ ರಾಗಿ, ಅವರೆ. ಮೇಲಿನ ಪೋಡುಗಳಲ್ಲಿ ಕಾಫಿ, ಮೆಣಸು. ಊಟಕ್ಕೆ ರಾಗಿಮುದ್ದೆ, ಕಾಡಿನ ಸೊಪ್ಪು, ಗೆಡ್ಡೆಗೆಣಸು.

ಮರದಲ್ಲಿರೋ ಕಾಯಿ ಪೂರ್ತಿ ಕೀಳಬಾರದು, ಪ್ರಾಣಿಗಳಿಗೂ ಬಿಡಬೇಕು ಅನ್ನೋದು ಹಿರಿಯರ ಪಾಠ. ನೆಲ್ಲಿ ಮರ ಯಾಕೆ ಸೊರಗುತ್ತಿದೆ ಎಂದು ಕೇಳಿದರೆ ಅವರು ತೋರಿಸೋದು ಎರಡು: ಕೊಂಬೆಗೆ ಹತ್ತೋ 'ಉಪ್ಪಿಲು' ಎಂಬ ಬದನಿಕೆ, ಮತ್ತು ನೆಲ ತುಂಬಿದ ಲಂಟಾನ. ಮೊದಲು ಬೇಸಿಗೆ ಆರಂಭದಲ್ಲೇ ಹಾಕುತ್ತಿದ್ದ ಸಣ್ಣ ತರಗು ಬೆಂಕಿಯಿಂದ ಇವೆರಡೂ ಹತೋಟಿಯಲ್ಲಿದ್ದವು ಅನ್ನೋದು ಅವರ ವಾದ. ಕಾಡಿಗೆ ಬೆಂಕಿ ಹಾಕೋದು ಈಗ ಅಪರಾಧ.

ಕತ್ತಲಾದ ಮೇಲೆ

ಕಷ್ಟ ಗೊತ್ತಾಗೋದು ರಾತ್ರಿ. ಹಲಸು ಹಣ್ಣಾಗೋ ಕಾಲದಲ್ಲಿ ಆನೆ ಮನೆ ಬಾಗಿಲಿಗೇ ಬರುತ್ತೆ. ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಒಳಗಿನ ಪೋಡುಗಳಿಂದ ಕಾಡುದಾರಿ ದಾಟಿ ಬರಬೇಕು, ವಾಹನ ಸಿಗಬೇಕು. ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ, ಶಾಲೆ ಇವೆ. ಹೆಚ್ಚಿನ ಚಿಕಿತ್ಸೆಗೆ ಯಳಂದೂರು ಅಥವಾ ಚಾಮರಾಜನಗರಕ್ಕೇ ಇಳಿಯಬೇಕು. ದಾರಿ ದೂರ ಅಂತ ಎಷ್ಟೋ ಮಕ್ಕಳು ಚಿಕ್ಕ ವಯಸ್ಸಿಗೇ ಆಶ್ರಮ ಶಾಲೆಯಲ್ಲಿ ಉಳಿದು ಓದುತ್ತಾರೆ. ಮನೆಗೆ ಬರೋದು ರಜೆಯಲ್ಲಿ.

ಕಾನೂನು ಏನು ಹೇಳುತ್ತೆ?

2006ರ ಅರಣ್ಯ ಹಕ್ಕು ಕಾಯ್ದೆ ಹುಲಿ ಸಂರಕ್ಷಿತ ಪ್ರದೇಶಕ್ಕೂ ಅನ್ವಯಿಸುತ್ತೆ. 2011ರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಮಾನ್ಯವಾಯಿತು. ದೇಶದಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಹಕ್ಕು ಪಡೆದವರಲ್ಲಿ ಇವರೇ ಮೊದಲಿಗರು. ಪ್ರತಿ ಕುಟುಂಬ ತಿಳಿದಿರಬೇಕಾದ ಮುಖ್ಯ ಅಂಶಗಳು:

• 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಸ್ವಾಧೀನದಲ್ಲಿರುವ ಜಮೀನಿಗೆ ವೈಯಕ್ತಿಕ ಹಕ್ಕು ಕೇಳಬಹುದು. ಮಿತಿ 4 ಹೆಕ್ಟೇರ್.

• ಹಕ್ಕುಪತ್ರ ಗಂಡ–ಹೆಂಡತಿ ಇಬ್ಬರ ಹೆಸರಲ್ಲೂ ಆಗಬೇಕು. ಮಕ್ಕಳಿಗೆ ಬರುತ್ತೆ, ಆದರೆ ಮಾರೋ ಹಾಗಿಲ್ಲ.

• ಅರ್ಜಿ ಮೊದಲು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ, ನಂತರ ಉಪವಿಭಾಗ ಸಮಿತಿಗೆ, ಕೊನೆಗೆ ಜಿಲ್ಲಾ ಸಮಿತಿಗೆ ಹೋಗುತ್ತೆ.

• ದಾಖಲೆ ಕಮ್ಮಿ ಇದ್ದರೆ ಊರಿನ ಹಿರಿಯರ ಹೇಳಿಕೆಯನ್ನು ಬರೆಸಿ ಕೊಟ್ಟರೂ ಅದು ಸಾಕ್ಷ್ಯವೇ. ಅದರ ಜೊತೆ ಇನ್ನೊಂದು ಸಾಕ್ಷ್ಯ ಇರಬೇಕು.

• ಗ್ರಾಮಸಭೆ ಅಥವಾ ಉಪವಿಭಾಗ ಸಮಿತಿ ಅರ್ಜಿ ತಿರಸ್ಕರಿಸಿದರೆ 60 ದಿನದೊಳಗೆ ಮೇಲಿನ ಸಮಿತಿಗೆ ಮೇಲ್ಮನವಿ ಹಾಕಬಹುದು.

• ಜೇನು, ನೆಲ್ಲಿಯಂಥ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕಿದೆ. ಬೇಟೆಗೆ ಹಕ್ಕಿಲ್ಲ.

• ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರಿಗೆ ಗ್ರಾಮಸಭೆ ಶಿಫಾರಸಿನ ಮೇಲೆ 1 ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ಅವಕಾಶ ಇದೆ.

ಹೊರಗೆ ಹೋಗಲೇಬೇಕಾ?

ಇಲ್ಲ. ಹುಲಿ ಸಂರಕ್ಷಿತ ಪ್ರದೇಶದಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಕೇಂದ್ರದ ಪ್ಯಾಕೇಜ್ ಇದೆ. ಮೊದಲು 10 ಲಕ್ಷ ಇತ್ತು, 2021ರಲ್ಲಿ 15 ಲಕ್ಷ ಆಯಿತು. ಆದರೆ ಹಕ್ಕು ಮಾನ್ಯ ಮಾಡೋ ಕೆಲಸ ಮುಗಿಯದೆ, ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಯಾರನ್ನೂ ಎಬ್ಬಿಸುವಂತಿಲ್ಲ. ಸಹಿ ಹಾಕೋ ಮುಂಚೆ ಒಂದು ಮಾತು ನೆನಪಿರಲಿ: ದುಡ್ಡು ಒಂದು ಸಲ ಬರುತ್ತೆ. ನೆಲ್ಲಿ, ಜೇನು ವರ್ಷ ವರ್ಷ ಬರುತ್ತೆ, ಆದರೆ ಹೊರಗೆ ಹೋದವರ ಮಕ್ಕಳಿಗೆ ಅದು ಸಿಗಲ್ಲ. ಉಳಿದರೆ ಆನೆ, ದಾರಿ, ಆಸ್ಪತ್ರೆಯ ಕಷ್ಟವೂ ಉಳಿಯುತ್ತೆ. ಎರಡನ್ನೂ ತೂಗಿ ನೋಡಿ ತೀರ್ಮಾನ ಮಾಡಬೇಕಾದವರು ಆ ಮನೆಯವರೇ.