ರೇಡಿಯೊ ಫಲಕಗಳ ದುರಸ್ತಿಯ ಚರಿತ್ರೆ: ಕಳ್ಳಂಬೆಳ್ಳದ ಸೀಮೆಯನ್ನು ಕುರಿತು ಒಂದು ವಿಚಾರ

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ, ತುಮಕೂರನ್ನು ದಾಟಿ ಶಿರಾವನ್ನು ಮುಟ್ಟುವುದಕ್ಕೆ ಮೊದಲು ದೊರೆಯುವ ಕಳ್ಳಂಬೆಳ್ಳವು ದೊಡ್ಡದೊಂದು ಕೆರೆಯುಳ್ಳ ಹೋಬಳಿ ಕೇಂದ್ರ. ಅದನ್ನು ಒಳಗೊಂಡ ಶಿರಾ, ನೆರೆಯ ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳೋ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿ ಕಡಲೆಕಾಯಿ, ರಾಗಿಗಳನ್ನು ಬಿತ್ತುವ ಒಣಭೂಮಿ. ಇಂಥ ಸೀಮೆಯಲ್ಲಿ ವಿದ್ಯುನ್ಮಾನ ಫಲಕಗಳ, ಎಂದರೆ ರೂಢಿಯಲ್ಲಿ ‘ಬೋರ್ಡು’ಗಳೆಂದು ಕರೆಯಲ್ಪಡುವ ವಸ್ತುಗಳ, ದುರಸ್ತಿಯ ಇತಿಹಾಸವನ್ನು ಅರಸಹೊರಟವನಿಗೆ ಮೊದಲು ಎದುರಾಗುವ ಸಂಗತಿಯೆಂದರೆ, ವಿದ್ಯುತ್ತಿನ ತಂತಿಗಿಂತ ಮುಂಚೆಯೇ ರೇಡಿಯೊ ಅನೇಕ ಹಳ್ಳಿಗಳನ್ನು ಪ್ರವೇಶಿಸಿತ್ತೆಂಬುದು. ಆದುದರಿಂದ ಅಲ್ಲಿಯ ರೇಡಿಯೊಗಳ ಪ್ರಾಣವು ಬ್ಯಾಟರಿಯಲ್ಲಿತ್ತು. ಅವುಗಳ ವ್ಯಾಧಿಯ ಮೂಲವೂ ಬಹುಮಟ್ಟಿಗೆ ಅಲ್ಲಿಯೇ ಇದ್ದಿತೆಂಬುದನ್ನು ಮುಂದೆ ಕಾಣಬಹುದು.

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವಾಟಿನ ಪ್ರೇಷಕವೊಂದನ್ನು ನೆಲೆಗೊಳಿಸಿ ‘ಆಕಾಶವಾಣಿ’ಯೆಂಬ ನಾಮಧೇಯದಿಂದ ಪ್ರಸಾರವನ್ನು ಆರಂಭಿಸಿದುದು ಸರ್ವವಿದಿತ. ಆ ನಿಲಯವು 1955ರಲ್ಲಿ ಬೆಂಗಳೂರಿಗೆ ವರ್ಗವಾಯಿತು. ಪಂಚಾಯಿತಿಗಳಿಗೆ ಸಾಮೂಹಿಕ ಶ್ರವಣಕ್ಕಾಗಿ ರೇಡಿಯೊಗಳನ್ನು ಒದಗಿಸುವ ಸರ್ಕಾರಿ ಯೋಜನೆಯೂ ಅದೇ ದಶಕದ್ದು. ತಂತಿಯಿಲ್ಲದ ಊರುಗಳಿಗಾಗಿ ನಿರ್ಮಿತವಾದ ಅಂದಿನ ವಾಲ್ವ್ ರೇಡಿಯೊಗಳಲ್ಲಿ ತಂತುಗಳನ್ನು ಕಾಯಿಸುವುದಕ್ಕೆ ಸುಮಾರು ಒಂದೂವರೆ ವೋಲ್ಟಿನ ಒಂದು ಬ್ಯಾಟರಿಯೂ, ಆನೋಡುಗಳಿಗೆ 90 ವೋಲ್ಟಿನ ಮತ್ತೊಂದೂ ಬೇಕಾಗುತ್ತಿದ್ದುವು. ಅವುಗಳ ಒಳಗೆ ಫಲಕವೆಂಬುದೇ ಇರಲಿಲ್ಲ: ಲೋಹದ ಚಾಸಿಯ ಅಡಿಯಲ್ಲಿ ಬಿಡಿಭಾಗಗಳನ್ನು ಕೈಯಿಂದಲೇ ಒಂದಕ್ಕೊಂದು ಬೆಸೆದು, ತಂತಿಗಳನ್ನು ಎಳೆದು ಕಟ್ಟುತ್ತಿದ್ದರು. ಕಣ್ಣಿನಿಂದ ಹಿಂಬಾಲಿಸಬಹುದಾದ ಆ ತಂತಿಗಳ ಜಾಲದಲ್ಲಿ ದೋಷವನ್ನು ಹುಡುಕುವುದು ಸುಲಭವಾಗಿದ್ದರೂ ಅಪಾಯವೇನೂ ಕಡಿಮೆಯಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯೊಂದು ಜಾರಿ 90 ವೋಲ್ಟಿನ ಎಳೆಯನ್ನು ತಂತುವಿನ ಎಳೆಗೆ ಕೂಡಿಸಿತೆಂದರೆ ಕ್ಷಣಾರ್ಧದಲ್ಲಿ ಎಲ್ಲ ವಾಲ್ವುಗಳೂ ಒಟ್ಟಿಗೆ ಸುಟ್ಟುಹೋಗುತ್ತಿದ್ದುವು!

ಈ ಸ್ಥಿತಿಯನ್ನು ಬದಲಿಸಿದುವು ಎರಡು ಆವಿಷ್ಕಾರಗಳು. ಆಸ್ಟ್ರಿಯದಲ್ಲಿ ಹುಟ್ಟಿ ಲಂಡನ್ನಿಗೆ ವಲಸೆ ಹೋದ ಪಾಲ್ ಐಸ್ಲರ್ ಎಂಬಾತನು 1936ರ ಸುಮಾರಿಗೆ ತಾಮ್ರದ ತೆಳುಹಾಳೆಯಲ್ಲಿ ವಿದ್ಯುನ್ಮಂಡಲವನ್ನು ಮುದ್ರಿಸಿ ಕೊರೆಯುವ ಕ್ರಮದಿಂದ ರೇಡಿಯೊವೊಂದನ್ನು ರಚಿಸಿದನು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಜನಿಸಿತು. ನಮ್ಮ ನಾಡಿನಲ್ಲಿ ಇವೆರಡರ ಸಮಾಗಮದ ಕಥೆಯು ಬೆಂಗಳೂರಿನ ಜಾಲಹಳ್ಳಿಯಲ್ಲಿ ನಡೆದುದು. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಸಾಧನಗಳನ್ನೂ, 1967ರಲ್ಲಿ ಸಿಲಿಕಾನ್ ಸಾಧನಗಳನ್ನೂ ತಯಾರಿಸತೊಡಗಿ, 1968ರಲ್ಲಿ ಮುದ್ರಿತ ಫಲಕಗಳ ವಿಭಾಗವನ್ನು ತೆರೆಯಿತು. ಗಮನಿಸಬೇಕಾದುದೇನೆಂದರೆ, ವಾಲ್ವಿನಿಂದ ಸಿಲಿಕಾನಿನವರೆಗಿನ ಮೂರು ತಲೆಮಾರುಗಳು ಇಲ್ಲಿ ಆರೇ ವರ್ಷಗಳಲ್ಲಿ ಒಂದರ ಬೆನ್ನಿಗೆ ಒಂದು ಬಂದುವು. ವಾಲ್ವನ್ನು ಕಲಿತ ಮೆಕ್ಯಾನಿಕ್ಕನು ಆ ವಿದ್ಯೆಯ ಫಲವನ್ನು ಪೂರ್ಣವಾಗಿ ಉಣ್ಣುವ ಮೊದಲೇ ಮತ್ತೊಂದನ್ನು ಕಲಿಯಬೇಕಾಯಿತು.

ಆ ಹೊಸ ವಿದ್ಯೆಯ ಸ್ವರೂಪವನ್ನು ತುಸು ವಿವರವಾಗಿ ನೋಡುವುದು ಯುಕ್ತ. ಕಂದುಬಣ್ಣದ ಗಡಸು ಹಾಳೆಯಂತಹ ಫಲಕದ ಒಂದು ಮುಖದಲ್ಲಿ ಬಿಡಿಭಾಗಗಳು, ಇನ್ನೊಂದು ಮುಖದಲ್ಲಿ ತಾಮ್ರದ ಹಾದಿಗಳು; ಎರಡನ್ನೂ ಏಕಕಾಲದಲ್ಲಿ ನೋಡುವಂತಿಲ್ಲ. ಆದುದರಿಂದ ಬಲ್ಬಿನ ಮುಂದೆ ಫಲಕವನ್ನು ಹಿಡಿದು, ಅರೆಪಾರದರ್ಶಕವಾದ ಅದರಲ್ಲಿ ಮೂಡುವ ಹಾದಿಗಳ ನೆರಳನ್ನು ಆಧಾರವಾಗಿಟ್ಟುಕೊಂಡು ಮಂಡಲವನ್ನು ಊಹಿಸುವ ಪದ್ಧತಿ ಬಳಕೆಗೆ ಬಂದಿತು. ಮೊದಲು ಸೆಲ್ಲುಗಳ ವೋಲ್ಟೇಜು, ಅನಂತರ ರೇಡಿಯೊ ಎಳೆಯುವ ಕರೆಂಟು: ಮಲ್ಟಿಮೀಟರಿನ ಮುಳ್ಳು ಕದಲದಿದ್ದರೆ ಹಾದಿ ಎಲ್ಲಿಯೋ ಕಡಿದಿದೆ, ವಿಪರೀತವಾಗಿ ಏರಿದರೆ ಯಾವುದೋ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ಎರಡೂ ಅಲ್ಲವಾದಲ್ಲಿ ವಾಲ್ಯೂಮ್ ಕಂಟ್ರೋಲಿನ ನಡುಗಾಲಿಗೆ ಸ್ಕ್ರೂಡ್ರೈವರನ್ನು ಸೋಕಿಸಿ ಸ್ಪೀಕರಿಗೆ ಕಿವಿಗೊಡುವುದು. ಸದ್ದು ಬಂದರೆ ಅಲ್ಲಿಂದ ಮುಂದಣ ಭಾಗವು ನಿರ್ದೋಷಿ. ದೋಷವು ಹಿಂದೆ, 455 ಕಿಲೋಸೈಕಲ್ಲಿನ ಐಎಫ್, ಎಂದರೆ ಮಧ್ಯಂತರ ಆವರ್ತನದ, ಹಂತದಲ್ಲಿಯೋ ನಿಲಯಗಳನ್ನು ಆರಿಸುವ ಗ್ಯಾಂಗ್ ಕಂಡೆನ್ಸರಿನ ಬಳಿಯಲ್ಲಿಯೋ ಅಡಗಿದೆ. ಇಲ್ಲಿ ಒಂದು ಸೂಕ್ಷ್ಮವುಂಟು. ವಿದ್ಯುತ್ತಿರುವ ಪೇಟೆಯ ಅಂಗಡಿಯಲ್ಲಿ ಹೀಗೆ ಸೋಕಿಸಿದಾಗ, ಸುತ್ತಲ ತಂತಿಗಳ ಪ್ರಭಾವವನ್ನು ನಮ್ಮ ಶರೀರವೇ ಹೀರಿ ಕೊಡುವುದರಿಂದ ‘ಗುರ್’ ಎಂಬ ಶಬ್ದವು ನಿರಂತರವಾಗಿ ಕೇಳಿಸುತ್ತದೆ. ತಂತಿಯೇ ಸುಳಿಯದ ಹಳ್ಳಿಯಲ್ಲಾದರೋ ‘ಕಟ್’ ಎಂಬ ಒಂದು ಸದ್ದಷ್ಟೇ. ಆಂಗ್ಲ ಭಾಷೆಯ ಕೈಪಿಡಿಗಳನ್ನು ಮಾತ್ರ ಓದಿದವನು ಆ ಗುರುಗುಟ್ಟುವಿಕೆಗಾಗಿ ಕಾದು ಕುಳಿತರೆ ಸರಿಯಿರುವ ಭಾಗವನ್ನೇ ಬಿಚ್ಚಿಹಾಕುವ ಸಂಭವವಿತ್ತು.

ಬೆಸುಗೆಯ ವಿಷಯದಲ್ಲಿಯೂ ಕೈಯ ಹದವೇ ಮುಖ್ಯ. ಕಾವು ಕೊಂಚ ಹೆಚ್ಚಾದರೆ ತಾಮ್ರದ ಹಾದಿಯು ಫಲಕದಿಂದ ಎದ್ದುಬರುತ್ತದೆ. ಕಡಿಮೆಯಾದರೆ ಮೇಲ್ನೋಟಕ್ಕೆ ಕೂಡಿದಂತಿದ್ದು ಒಳಗೆ ಕೂಡದ ‘ಡ್ರೈ ಸೋಲ್ಡರ್’ ಉಳಿಯುತ್ತದೆ. ತಟ್ಟಿದರೆ ಹಾಡುವ, ಬಿಟ್ಟರೆ ಮೌನವಾಗುವ ರೇಡಿಯೊಗಳ ರೋಗವು ಬಹುಪಾಲು ಇದೇ. ಜರ್ಮೇನಿಯಂ ಟ್ರಾನ್ಸಿಸ್ಟರಂತೂ ಶಾಖವನ್ನು ತಾಳಲಾರದು. ಅದರ ಕಾಲನ್ನು ಇಕ್ಕಳದ ಮೂತಿಯಿಂದ ಹಿಡಿದು, ಶಾಖವನ್ನು ಇಕ್ಕಳಕ್ಕೆ ಹರಿಯಗೊಟ್ಟು ಬೆಸೆಯಬೇಕಾಗಿತ್ತು.

ಇನ್ನು ಬ್ಯಾಟರಿಯ ವಿಚಾರ. ಸಾಮಾನ್ಯ ಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಪಾತ್ರೆಯೂ ಹೌದು, ಇಂಧನವೂ ಹೌದು. ಉರಿದಂತೆಲ್ಲ ಪಾತ್ರೆಯು ತಾನೇ ಸವೆದು ತೂತಾಗಿ ಒಳಗಿನ ಆಮ್ಲಗುಣದ ಲವಣದ್ರವವು ಹೊರಗೆ ಸೋರುತ್ತದೆ. ಕಡಲೆಕಾಯಿಯ ಕೊಯ್ಲು ಮುಗಿಯುವವರೆಗೆ ಅಟ್ಟದಲ್ಲಿಯೋ ಗೂಡಿನಲ್ಲಿಯೋ ಮರೆತುಬಿಟ್ಟ ರೇಡಿಯೊಗೆ ಈ ಸೋರಿಕೆಯೇ ಮೃತ್ಯು. ಸ್ಪ್ರಿಂಗುಗಳು ತುಕ್ಕು ಹಿಡಿಯುತ್ತವೆ, ತಾಮ್ರದ ಹಾದಿಗಳು ಹಸುರುಗಟ್ಟಿ ಕಡಿಯುತ್ತವೆ.

ವಿಚಿತ್ರವೆಂದರೆ, ಇದೇ ವ್ಯಾಧಿಯು ಅಮೆರಿಕದ ವಿನೋದಯಂತ್ರಗಳನ್ನೂ ಬಿಡಲಿಲ್ಲ. ಷಿಕಾಗೊ ನಗರದಲ್ಲಿ 1931ರ ‘ಬ್ಯಾಫಲ್ ಬಾಲ್’ನಿಂದ ಜನಪ್ರಿಯವಾದ ಪಿನ್‌ಬಾಲ್ ಯಂತ್ರಗಳು, ದಶಕಗಳ ಕಾಲ ರಿಲೇಗಳಿಂದ ನಡೆದು, 1970ರ ದಶಕದ ಉತ್ತರಾರ್ಧದಲ್ಲಿ ವಿದ್ಯುನ್ಮಾನ ಫಲಕಗಳಿಗೆ ತಿರುಗಿದುವು. ಬ್ಯಾಲಿ ಸಂಸ್ಥೆಯ ಆ ಕಾಲದ ಫಲಕದಲ್ಲಿ ಮೋಟರೋಲ 6800 ಸಂಸ್ಕಾರಕದ ಸಮೀಪದಲ್ಲಿಯೇ, ಯಂತ್ರವು ನಿಂತಾಗಲೂ ದಾಖಲೆಯ ಅಂಕಗಳನ್ನು ಸ್ಮೃತಿಯಲ್ಲಿ ಉಳಿಸುವುದಕ್ಕೆಂದು, ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸೆದಿದ್ದರು. ಅದು ಸೋರಿ ಸ್ಮೃತಿಯೊಡನೆ ಹಾದಿಗಳನ್ನೂ ತಿಂದುಹಾಕಿದುದೇ ಇಂದು ಆ ಯಂತ್ರಗಳನ್ನು ಉಳಿಸಿಕೊಳ್ಳುವವರ ಪ್ರಧಾನ ಸಂಕಷ್ಟ. ಆದರೆ ಚಿಕಿತ್ಸೆಯಲ್ಲಿ ಭೇದವಿದೆ: ಅಲ್ಲಿ ಸೋರುವುದು ಕ್ಷಾರವಾದುದರಿಂದ ವಿನೆಗರಿನಿಂದ ತೊಳೆಯಬೇಕು, ನಮ್ಮ ಸತುವಿನ ಸೆಲ್ಲಿನ ಕಲೆಗೆ ಅಡುಗೆಸೋಡದ ನೀರು. ರೋಗಪರೀಕ್ಷೆಯಲ್ಲಿ ಮಾತ್ರ ಅವರು ಭಾಗ್ಯವಂತರು. ಬ್ಯಾಲಿಯ ಫಲಕವು ಚಾಲನೆಗೊಂಡೊಡನೆ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಸಣ್ಣ ಕೆಂಪು ದೀಪವನ್ನು ಏಳು ಸಲ ಮಿನುಗಿಸುತ್ತದೆ. ಎಷ್ಟನೆಯ ಮಿನುಗಿಗೆ ನಿಂತಿತೋ ಅದರಿಂದ ಯಾವ ಚಿಪ್ಪು ಕೆಟ್ಟಿದೆಯೆಂದು ತಿಳಿಯಬಹುದು. ರೇಡಿಯೊದವನಿಗೆ ಅಂಥ ದೂತರಾರೂ ಇರಲಿಲ್ಲ. ಅವನ ವಿದ್ಯೆಯೇ ಹೆಚ್ಚಿನದೆಂದು ನನ್ನ ಪಕ್ಷಪಾತ.

ಈ ದುರಸ್ತಿಗಾರರು ಬರೆಹಗಳನ್ನು ಬಿಟ್ಟುಹೋಗುವ ವರ್ಗದವರಲ್ಲ. ಆದುದರಿಂದ ಸಂಶೋಧಕನಿಗೆ ಫಲಕವೇ ಶಾಸನವಾಗಬೇಕು. ಹಳೆಯ ರೇಡಿಯೊವೊಂದನ್ನು ಬಿಚ್ಚಿದಾಗ, ಸ್ಪೀಕರಿಗೆ ಶಕ್ತಿ ಕೊಡುವ ಎಡೆಯಲ್ಲಿ ಎಸಿ128 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರುಗಳೂ ಅದಕ್ಕೆ ಮುನ್ನಿನ ಹಂತದಲ್ಲಿ ಸಿಲಿಕಾನಿನದೊಂದೂ ಒಟ್ಟಿಗಿದ್ದು, ಸಿಲಿಕಾನಿನ ಬಳಿಯ ಬೆಸುಗೆಯು ಕಾರ್ಖಾನೆಯ ನುಣುಪಿಲ್ಲದೆ ಗಂಟುಗಂಟಾಗಿದ್ದರೆ, ಅದು ನಂತರದ ಕೈವಾಡವೆಂದು ನಿಶ್ಚಯಿಸಬಹುದು. ಜರ್ಮೇನಿಯಂ ದುರ್ಲಭವಾದ ಮೇಲೆ, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಸುಲಭವಾಗಿ ದೊರೆಯುತ್ತಿದ್ದ ಸಿಲಿಕಾನನ್ನು ಅದರ ಸ್ಥಾನದಲ್ಲಿ ಕೂರಿಸಿದ ಕಾಲದ ಗುರುತು ಅದು. ಜರ್ಮೇನಿಯಂ 0.2ರಿಂದ 0.3 ವೋಲ್ಟಿಗೆ ಎಚ್ಚರಗೊಂಡರೆ ಸಿಲಿಕಾನಿಗೆ 0.6ರಿಂದ 0.7 ವೋಲ್ಟು ಬೇಕು; ಆದುದರಿಂದ ಟ್ರಾನ್ಸಿಸ್ಟರನ್ನಷ್ಟೇ ಬದಲಿಸಿದರೆ ಸಾಲದು, ಪಕ್ಕದ ರೆಸಿಸ್ಟರನ್ನೂ ಬದಲಿಸಬೇಕು. ಆ ರೆಸಿಸ್ಟರನ್ನು ಬದಲಿಸಿರುವ ಫಲಕದ ಹಿಂದೆ ತತ್ತ್ವವನ್ನು ಅರಿತವನೊಬ್ಬನಿದ್ದನು. ಬದಲಿಸದೆ ಬಿಟ್ಟಿರುವಲ್ಲಿ, ಹೇಗೋ ಸದ್ದು ಬಂದರೆ ಸಾಕೆಂದವನು. ಎರಡೂ ಬಗೆಯವು ದೊರೆಯುತ್ತವೆ. ಸೋರಿಕೆಯಿಂದ ಕಡಿದ ಹಾದಿಯ ಮೇಲೆ ಬೆಸೆದ ತೆಳುತಂತಿಯ ಸೇತುವೆಗಳನ್ನೂ ಹೀಗೆಯೇ ಓದಬೇಕು: ತಂತಿಯ ಮೇಲೆಯೇ ಮತ್ತೆ ಹಸುರು ಹತ್ತಿದ್ದರೆ, ಆ ರೇಡಿಯೊ ದುರಸ್ತಿಯಾಗಿ ಹೋದ ಮೇಲೆ ಇನ್ನೊಮ್ಮೆ ಸೆಲ್ಲಿನೊಡನೆಯೇ ಅಟ್ಟವನ್ನು ಸೇರಿತ್ತೆಂದು ತಿಳಿಯಬೇಕು.