ಮನೆ ದುರಸ್ತಿಯ ಮಾಹಿತಿ ಮತ್ತು ನೆರವು

ಮನೆ ದುರಸ್ತಿಯ ಮಾಹಿತಿ ಮತ್ತು ನೆರವು ಎಂದರೆ ವಾಸದ ಮನೆಯನ್ನು ದುರಸ್ತಿ ಮಾಡಿಸುವಾಗ, ವಿಸ್ತರಿಸುವಾಗ ಅಥವಾ ಸುಧಾರಿಸುವಾಗ ಮನೆಯವರಿಗೆ ಬೇಕಾಗುವ ತಾಂತ್ರಿಕ ತಿಳಿವಳಿಕೆ ಹಾಗೂ ಅದನ್ನು ಒದಗಿಸುವ ಕುಶಲಕರ್ಮಿಗಳು ಮತ್ತು ಸಂಸ್ಥೆಗಳು. ಈ ಲೇಖನವು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಘಟಪ್ರಭಾ ಸೀಮೆಯನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡಿದೆ. ಮೂಡಲಗಿ ತಾಲೂಕಿನ ನಾಗನೂರ ಈ ಸೀಮೆಯ ಊರುಗಳಲ್ಲಿ ಒಂದು.

ಹಿನ್ನೆಲೆ

ಈ ಭಾಗದ ಹಳೆಯ ಮನೆಗಳು ಮಣ್ಣು ಅಥವಾ ಕಲ್ಲಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ ಮತ್ತು ಮಣ್ಣು ಹಾಸಿದ ಮಾಳಿಗೆಯನ್ನು ಹೊಂದಿದ್ದವು. ಅವುಗಳ ದುರಸ್ತಿಯ ವಿದ್ಯೆ ಗೌಂಡಿ ಮತ್ತು ಬಡಿಗೇರರ ಕೈಯಲ್ಲಿ ತಲೆಮಾರುಗಳಿಂದ ಉಳಿದು ಬಂದಿತ್ತು. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕುವುದು, ಹಬ್ಬಕ್ಕೆ ಗೋಡೆ ಸಾರಿಸಿ ಸುಣ್ಣ ಬಳಿಯುವುದು ಮನೆಯವರೇ ಮಾಡುವ ಕೆಲಸಗಳಾಗಿದ್ದವು. ಸಿಮೆಂಟು, ಕಬ್ಬಿಣದ ಸರಳು ಮತ್ತು ವಿದ್ಯುತ್ ತಂತಿ ಮನೆಯೊಳಗೆ ಬಂದ ಮೇಲೆ ಆ ಹಳೆಯ ವಿದ್ಯೆಯಷ್ಟೇ ಸಾಲದಾಯಿತು. ಹೊಸ ವಿದ್ಯೆಯಾದರೋ ಬಹುಪಾಲು ಇಂಗ್ಲಿಷಿನಲ್ಲಿದ್ದು, ಕನ್ನಡದ ಓದುಗರಿಗೆ ಬಾಯಿಂದ ಬಾಯಿಗೆ, ಅರ್ಧಂಬರ್ಧವಾಗಿ ತಲುಪಿದೆ.

2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಹರಿದಾಗ ಈ ಸೀಮೆಯ ಅನೇಕ ಮಣ್ಣಿನ ಮನೆಗಳು ಕುಸಿದವು. ಬೀಳದೆ ಉಳಿದ ಗೋಡೆಗಳ ಪ್ರಶ್ನೆ ಇನ್ನೂ ಕಠಿಣವಾದದ್ದು. ನೆನೆದ ಗೋಡೆಯನ್ನು ಉಳಿಸಿಕೊಳ್ಳಬೇಕೋ ಕೆಡವಬೇಕೋ ಎಂಬ ನಿರ್ಧಾರದ ಮೇಲೆ ಕುಟುಂಬದ ಉಳಿತಾಯ ಮಾತ್ರವಲ್ಲ, ಅದರಡಿ ಮಲಗುವವರ ಜೀವವೂ ನಿಂತಿರುತ್ತದೆ.

ಮಣ್ಣು ಮತ್ತು ಗೋಡೆ

ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದರ ಮೇಲೆ ಆಳವಿಲ್ಲದ ಪಾಯ ಹಾಕಿ ಕಟ್ಟಿದ ಮನೆಯಲ್ಲಿ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಬಿರುಕು ಬಿಡುವುದು ಸಾಮಾನ್ಯ. ಇಂಥ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾಗಬಹುದು. ಅದನ್ನು ಸಿಮೆಂಟಿನಿಂದ ಮುಚ್ಚಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ, ಇಲ್ಲವೇ ಪಕ್ಕದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಬಿರುಕಿಗೆ ಅಡ್ಡಲಾಗಿ ಗಾಜಿನ ತೆಳು ಪಟ್ಟಿಯನ್ನು ಗಟ್ಟಿಯಾಗಿ ಅಂಟಿಸಿ, ತಾರೀಖು ಬರೆದಿಟ್ಟು, ಕೆಲವು ತಿಂಗಳು ಗಮನಿಸುವುದು ಎಂಜಿನಿಯರರು ಅನುಸರಿಸುವ ಹಳೆಯ ಪರೀಕ್ಷೆ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ.

ಮನೆಯ ಸುತ್ತ ಇಳಿಜಾರಾದ ಕಟ್ಟೆ ಕಟ್ಟಿ ಮಳೆನೀರನ್ನೂ ಬಚ್ಚಲ ನೀರನ್ನೂ ಪಾಯದಿಂದ ದೂರ ಸಾಗಿಸುವುದು ಕಡಿಮೆ ಖರ್ಚಿನ ಉಪಾಯ. ಹೊಸ ಕಟ್ಟಡಕ್ಕಾದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಎರೆಭೂಮಿಗಾಗಿ ರೂಪಿಸಿದ, ಬುಡದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬಗಳ ವಿಧಾನವಿದೆ. ಆಳವಾದ ಎರೆಯಲ್ಲಿ ಇವನ್ನು ಸಾಮಾನ್ಯವಾಗಿ 3.5 ಮೀಟರ್‌ವರೆಗೆ ಇಳಿಸುತ್ತಾರೆ. ಗರಸು ಅಥವಾ ಕಲ್ಲುನೆಲದ ಮೇಲಿರುವ ಮನೆಗೆ ಇದು ಅನಗತ್ಯ ವೆಚ್ಚ.

ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವುದು ಇಂದು ಬಹಳ ಪ್ರಚಲಿತವಾದ, ಆದರೆ ವಿವೇಕದ್ದಲ್ಲದ ದುರಸ್ತಿ. ಗೋಡೆಯೊಳಗಿನ ತೇವಕ್ಕೆ ಹೊರದಾರಿ ಸಿಗದೆ ಒಳಗಿನ ಮಣ್ಣು ಮೆತ್ತಗಾಗುತ್ತದೆ, ಗಿಲಾವು ಹಲ್ಲೆಹಲ್ಲೆಯಾಗಿ ಕಳಚುತ್ತದೆ. ಸುಣ್ಣದ ಅಥವಾ ಮಣ್ಣಿನ ಗಿಲಾವು ತೇವವನ್ನು ಹೊರಬಿಡುತ್ತದೆ. ಮಣ್ಣನ್ನೇ ಸುಧಾರಿಸಿ ಬಳಸುವ ಕುರಿತು ಕರ್ನಾಟಕದಲ್ಲಿಯೇ ಗಂಭೀರ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳ್ತನದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಗಳನ್ನು ಅಭಿವೃದ್ಧಿಪಡಿಸಿದರು.

ಮಾಹಿತಿಯ ಮೂಲಗಳು

ಭಾರತೀಯ ಮಾನಕ ಬ್ಯೂರೋ ಪ್ರಕಟಿಸುವ ಮಾನಕಗಳು ಅತ್ಯಂತ ಅಧಿಕೃತವಾದವು. ಕಾಂಕ್ರೀಟಿಗೆ ಐಎಸ್ 456, ಸರಳಿಗೆ ಐಎಸ್ 1786, ಮನೆಯ ವೈರಿಂಗಿಗೆ ಐಎಸ್ 732 ಅನ್ವಯಿಸುತ್ತವೆ. ಬ್ಯೂರೋದ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಇವನ್ನು ಉಚಿತವಾಗಿ ಪಡೆಯಬಹುದು. ಸಾಮಗ್ರಿಯ ಮೇಲಿನ ಐಎಸ್‌ಐ ಗುರುತಿನ ಜೊತೆಗಿರುವ ಪರವಾನಿಗೆ ಸಂಖ್ಯೆ ನಿಜವೇ ಎಂಬುದನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಸಿಮೆಂಟಿನ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ; ಮೂರು ತಿಂಗಳು ದಾಟಿದ ಸಿಮೆಂಟಿನ ಬಲ ಕುಗ್ಗಿರುವ ಸಂಭವ ಹೆಚ್ಚು.

ಜಿಲ್ಲೆಗಳಲ್ಲಿರುವ ನಿರ್ಮಿತಿ ಕೇಂದ್ರಗಳು ಕಡಿಮೆ ವೆಚ್ಚದ ಕಟ್ಟಡ ವಿಧಾನಗಳನ್ನು ಪ್ರಚಾರ ಮಾಡಲೆಂದೇ ಹುಟ್ಟಿದವು. ಈ ಕಲ್ಪನೆ 1980ರ ದಶಕದ ಮಧ್ಯದಲ್ಲಿ ಕೇರಳದ ಕೊಲ್ಲಂನಲ್ಲಿ ಮೊದಲಾಗಿ, ಹುಡ್ಕೋ ಸಂಸ್ಥೆಯ ಬೆಂಬಲದಿಂದ ದೇಶದಲ್ಲಿ ಹರಡಿತು. ಸಿಮೆಂಟು ಮತ್ತು ಬಣ್ಣದ ಕಂಪನಿಗಳೂ ಸಲಹೆ ನೀಡುತ್ತವೆ. ಬಳಕೆಯ ಪ್ರಮಾಣದ ಮಟ್ಟಿಗೆ ಅವು ಉಪಯುಕ್ತ, ಆದರೆ ಆ ಸಾಮಗ್ರಿ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಮಾರುವವರಿಗೆ ಕೇಳುವುದು ಸರಿಯಲ್ಲ.

ಕೆಲಸಗಾರರು, ಅಳತೆ ಮತ್ತು ದರ

ಒಳ್ಳೆಯ ಗೌಂಡಿಯನ್ನು ಗುರುತಿಸಲು ಅವನು ಮೂರು ನಾಲ್ಕು ಮಳೆಗಾಲದ ಹಿಂದೆ ಮಾಡಿದ ಕೆಲಸವನ್ನು ನೋಡಬೇಕು. ಹೊಸ ಗಿಲಾವು ಯಾರು ಮಾಡಿದರೂ ಚೆನ್ನಾಗಿಯೇ ಕಾಣುತ್ತದೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯು ಪ್ರತಿ ಕೆಲಸದ ವಿವರ ಮತ್ತು ದರವನ್ನು ಕೊಡುವುದರಿಂದ, ಗುತ್ತಿಗೆದಾರ ಹೇಳಿದ ಮೊತ್ತವನ್ನು ಅದರೊಡನೆ ಹೋಲಿಸಬಹುದು. ಉಸುಕನ್ನು ಬ್ರಾಸ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 10 ಅಡಿ ಉದ್ದ, 5 ಅಡಿ ಅಗಲದ ಟ್ರೇಲರಿನಲ್ಲಿ 2 ಅಡಿ ಎತ್ತರದ ಉಸುಕು. ಇಳಿಸುವ ಮೊದಲು ಅಳೆಯದಿದ್ದರೆ ಆಮೇಲೆ ತಕರಾರು ನಿಲ್ಲುವುದಿಲ್ಲ.

ತೊಲೆ, ಕಂಬ ಅಥವಾ ಭಾರ ಹೊರುವ ಗೋಡೆಯನ್ನು ಮುಟ್ಟುವ ಕೆಲಸಕ್ಕೆ ಸಿವಿಲ್ ಎಂಜಿನಿಯರರ ಸ್ಥಳಪರಿಶೀಲನೆ ಅವಶ್ಯ. ಕೋಣೆ ಅಥವಾ ಮಹಡಿ ಸೇರಿಸುವುದಾದರೆ ಸ್ಥಳೀಯ ಪಂಚಾಯತಿಯ ಪರವಾನಿಗೆಯೂ ಬೇಕು. ವೈರಿಂಗನ್ನು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಿಗೆ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಈ ಸೀಮೆಗೆ ವಿದ್ಯುತ್ ಪೂರೈಸುವ ಹೆಸ್ಕಾಂನ ಸಹಾಯವಾಣಿ 1912.

ತಕರಾರು

ಹಣ ಪಡೆದು ಕೆಲಸ ಕೆಡಿಸಿದ ಗುತ್ತಿಗೆದಾರರ ಅಥವಾ ದೋಷವುಳ್ಳ ಸಾಮಗ್ರಿ ಮಾರಿದ ಅಂಗಡಿಯವರ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರನ್ನು ಎರಡು ವರ್ಷಗಳೊಳಗೆ ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ರಸೀದಿ, ಸಹಿ ಮಾಡಿದ ಕರಾರುಪತ್ರ ಮತ್ತು ಕೆಲಸದ ಹಂತಹಂತದ ಛಾಯಾಚಿತ್ರಗಳಿದ್ದರೆ ದೂರಿಗೆ ಆಧಾರ ದೊರೆಯುತ್ತದೆ. ಹಳ್ಳಿಗಳಲ್ಲಿ ಗುತ್ತಿಗೆಯನ್ನು ಬಾಯಿಮಾತಿನಲ್ಲಿಯೇ ಮುಗಿಸುವ ರೂಢಿ ಇನ್ನೂ ಇರುವುದರಿಂದ, ಕೆಲಸದ ಅಳತೆ, ಸಾಮಗ್ರಿಯ ಹೆಸರು, ದರ ಮತ್ತು ಹಣ ಕೊಡುವ ಹಂತಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಮಾಡಿಟ್ಟುಕೊಳ್ಳುವುದು ಉಚಿತ.